ನಾಲ್ಕು ಗಂಟೆಯ ಚಹಾ

ರಾಯಚೂರಿನ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ದುರ್ಗಾದೇವಿಗೆ ಕುರ್ಚಿಯಿತ್ತು, ಬಿಳಿ ಕೋಟಿತ್ತು. ಇರದಿದ್ದದ್ದು ನಾಲ್ಕು ಗಂಟೆಯ ಚಹಾದ ಕರೆಯೊಂದೇ. ನಾಲ್ಕಾಯಿತೆಂದರೆ ಸಾಕು, ತಂಡದ ಮುಖ್ಯಸ್ಥ ಶಂಭುಲಿಂಗಪ್ಪನವರು, ಅವಳ ಜೊತೆಯ ಸಂಶೋಧಕರಾದ ಉಮೇಶ, ಇನಾಯತ್ ಮೂವರೂ ಗೇಟಿನಾಚೆಯ ಅಂಗಡಿಗೆ ಹೊರಟುಬಿಡುತ್ತಿದ್ದರು. ಬೇಡ ಅಂದವರು ಯಾರೂ ಇಲ್ಲ, ಬಾ ಅಂದವರೂ ಇಲ್ಲ. ದೇವದುರ್ಗದ ಕಡೆಯ ಜಾಲಹಳ್ಳಿಯ ಹುಡುಗಿ, ಕರೆಯದೆ ಗಂಡಸರ ಬೆನ್ನು ಹತ್ತಿ ಹೋಗುವುದು ಹೇಗೆ? ವರ್ಷವಿಡೀ ಸಂಕಟ ನುಂಗಿಕೊಂಡು ಕೂತಳು.

ಕೆಲಸದ ಮಾತೆಲ್ಲ ಆ ಅಂಗಡಿಯ ಬೆಂಚಿನ ಮೇಲೇ ಮುಗಿಯುತ್ತದೆಂದು ಅವಳಿಗೇನು ಗೊತ್ತು, ಪಾಪ!

ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ ಸವಳು ಹಿಡಿದ ಗದ್ದೆಗಳ ಮಣ್ಣು ತರುವ ಕೆಲಸ ಅವಳ ಪಾಲಿಗೆ ಬಂತು. ಅವಳೊಬ್ಬಳಿಗೇ ವಹಿಸಿದ ಮೊದಲ ಕೆಲಸ. ಇದು ಸರಿಹೋದರೆ ತಂಡದ ಪ್ರಬಂಧದಲ್ಲಿ ತನ್ನ ಹೆಸರೂ ಸೇರುತ್ತದೆ ಎಂಬ ಆಸೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಮೊದಲಿಂದ ಇದ್ದ ಪದ್ಧತಿಯಂತೆ ಅರ್ಧ ಅಡಿ ಆಳದ ಮಣ್ಣು ತೆಗೆದು, ಚೀಲ ಕಟ್ಟಿ ಬಸ್ಸಿನಲ್ಲಿ ಹೊತ್ತು ತಂದಳು.

ಶಂಭುಲಿಂಗಪ್ಪನವರು ನೋಡಿ ಹಣೆ ಚಚ್ಚಿಕೊಂಡರು. "ಒಂದಡಿ ಆಳ ತೆಗಿಬೇಕಂತ ಮಾತಾಗಿತ್ತಲ್ಲವ್ವಾ! ಎಲ್ಲಾ ದಂಡ ಆತು."

"ಯಾವಾಗ ಮಾತಾತ್ರಿ ಸರ್?"

"ಹ್ವಾದ ವಾರ, ಚಾ ಕುಡಿಯಾಕ ಹೋದಾಗ," ಎಂದ ಉಮೇಶ, ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಚಾಕ್ಕ ನನ್ನ ಯಾವಾಗ ಕರದೀರ್ರಿ?" ಎಂದು ಕೇಳಿಯೇಬಿಟ್ಟಳು.

ಶಂಭುಲಿಂಗಪ್ಪನವರು ಚೀಲ ಬದಿಗೆ ಸರಿಸಿ, "ನಾಳಿಂದ ನೀನೂ ಬಾರವ್ವ," ಎಂದರು.

ಮರುದಿನ ಹೋದಳು. ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟರು. ಆಮೇಲೆ? ಆಮೇಲೆ ಕೆಲಸದ ಮಾತಿಗೇ ಬೀಗ! ಬಿಸಿಲಿನ ಮಾತಾಡಿದರು, ಅವ್ವ ಆರಾಮ ಅದಾಳೇನು ಎಂದು ಕೇಳಿದರು, ಮನೆಗೆ ಬಂದ ನೆಂಟರನ್ನು ಕೇಳಿದ ಹಾಗೆ. ಮಣ್ಣಿನ ಸುದ್ದಿ ಯಾರೂ ಎತ್ತಲಿಲ್ಲ. ಪ್ರಯೋಗಾಲಯದಲ್ಲಿ ಒಬ್ಬಳೇ ಕೂತಾಗಲೂ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಎದ್ದು ಹೋಗಿಬಿಡಲೇ ಅನ್ನಿಸಿತು. ಹೋಗಲಿಲ್ಲ. "ಸರ್, ನಾ ಮತ್ತ ಚೀಕಲಪರ್ವಿಗೆ ಹೊಂಟೀನ್ರಿ. ಒಂದಡಿ ಸಾಕಾ, ಇನ್ನೂ ಆಳ ತೆಗೀಲೇನ್ರಿ?"

ಶಂಭುಲಿಂಗಪ್ಪನವರು ಲೋಟ ಕೆಳಗಿಟ್ಟು, ಅಭ್ಯಾಸಬಲ ನೋಡಿ, ಅವಳನ್ನು ಬಿಟ್ಟು ಇನಾಯತ್‌ನ ಕಡೆ ತಿರುಗಿದರು. "ಇನಾಯತ್, ನೀ ಏನಂತಿ?"

ಇನಾಯತ್ ಅಡ್ಡಡ್ಡ ತಲೆಯಾಡಿಸಿದ. "ಗದ್ದಿಗೆ ಇಳದಾಕಿ ಅಕಿ ಅದಾಳ್ರಿ ಸರ್. ಅಕಿನ್ನ ಕೇಳ್ರಿ."

ಮೂವರೂ ಅವಳತ್ತ ತಿರುಗಿದರು. ವರ್ಷವಿಡೀ ಒಳಗೇ ಉಳಿದಿದ್ದ ಮಾತು ತಟ್ಟನೆ ಹೊರಬರಲಿಲ್ಲ.

ಅವರು ಕಾದರು.