ಎರಡು ಮೊಳ ಟೇಪು

ಕೆಳಗೆ ಅಪ್ಪನ ರೇಡಿಯೋ ರಿಪೇರಿ ಅಂಗಡಿ, ಮೇಲೆ ನಮ್ಮ ಮನೆ, ನಡುವೆ ಹನ್ನೆರಡು ಮರದ ಮೆಟ್ಟಿಲು. ನನಗೆ ಹತ್ತು ವರ್ಷವಾಗಿದ್ದಾಗ ಗಿರಾಕಿಯೊಬ್ಬ ಅಂಗಡಿಯಲ್ಲಿ ಬಿಟ್ಟುಹೋದ ಒಂದು ರೆಕಾರ್ಡು ಅಪ್ಪನ ತಲೆ ಕೆಡಿಸಿತು. ಅದರಲ್ಲಿ ರಾಗವಿಲ್ಲ, ತಾಳವಿಲ್ಲ. ನಲ್ಲಿ ತೊಟ್ಟಿಕ್ಕುತ್ತದೆ, ಬಾಗಿಲು ಕಿರುಗುಡುತ್ತದೆ, ಯಾರೋ ಕೆಮ್ಮುತ್ತಾರೆ.

"ಇದನ್ನೂ ಸಂಗೀತ ಅಂತಾರಾ?" ಎಂದು ಅಮ್ಮ ಕಿವಿ ಮುಚ್ಚಿಕೊಂಡಳು. ಅಪ್ಪ ಮಾತ್ರ ಅಂದಿನಿಂದ ಮೈಕು ಹಿಡಿದು ಮನೆಯೆಲ್ಲ ಅಲೆಯತೊಡಗಿದರು.

ಮೆಟ್ಟಿಲು ಹತ್ತಿದರೆ ಮನೆ ಮಾತಾಡಬೇಕು, ಇದು ಅವರ ಆಸೆ. ಎರಡು ತಗಡು, ನಡುವೆ ತೂತು ಕೊರೆದ ಸ್ಪಂಜು, ಮೇಲೊಂದು ಕಾಲೊರಸು. ಕಾಲಿಟ್ಟರೆ ತಗಡಿಗೆ ತಗಡು ತಾಗಿ ಟೇಪು ಓಡುತ್ತದೆ. ಟೇಪಿನ ಎರಡು ತುದಿಯನ್ನೂ ಒಂದಕ್ಕೊಂದು ಅಂಟಿಸಿದ್ದರಿಂದ ಕಾಲು ತೆಗೆಯುವವರೆಗೆ ಅದೇ ಸದ್ದು ಸುತ್ತುತ್ತಲೇ ಇರುತ್ತದೆ. ಒಂದು ಮೆಟ್ಟಿಲಿಗೆ ಹೊಲಿಗೆ ಯಂತ್ರ, ಒಂದಕ್ಕೆ ಪೊರಕೆ, ಇನ್ನೊಂದಕ್ಕೆ ಕಪಾಟಿನ ಬಾಗಿಲು. ಎಡವಟ್ಟೆಂದರೆ, ಟೇಪ್ ರೆಕಾರ್ಡರುಗಳೆಲ್ಲ ರಿಪೇರಿಗೆಂದು ಬಂದಂಥವು. ಗಿರಾಕಿಗಳು ಕೇಳಿಕೊಂಡು ಬಂದ ಹಾಗೆಲ್ಲ ಒಂದೊಂದೇ ಮೆಟ್ಟಿಲು ಮೂಕವಾಯಿತು.

ಟೇಪಿನ ತಲೆ ಕತ್ತರಿಸುವುದು ನನ್ನ ಕೆಲಸ. ಪ್ರತಿ ಸದ್ದಿಗೂ ಮುಂಚೆ ಅಪ್ಪ ಮೈಕು ಪರೀಕ್ಷಿಸುತ್ತಿದ್ದರು: "ಒಂದು, ಎರಡು, ಮೂರು... ಕೇಳಿಸ್ತಾ?" ಅಡುಗೆಮನೆಗೊಂದು ಸ್ಪೀಕರು ಎಳೆದಿದ್ದರು, ಪ್ರಶ್ನೆ ಅಮ್ಮನಿಗೆ. ಅಮ್ಮ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಎರಡು ಸಲ ಕೇಳಿ, ಸ್ಪೀಕರು ಕೆಟ್ಟಿದೆಯೆಂದುಕೊಂಡು ಅಪ್ಪ ಸ್ಕ್ರೂಡ್ರೈವರ್ ಸಮೇತ ಮೇಲೆ ಬರುತ್ತಿದ್ದರು. ಬಂದರೆ ಊಟಕ್ಕೆ ತಟ್ಟೆ ಹಾಕಿರುತ್ತಿತ್ತು.

ಆ ಪರೀಕ್ಷೆಯ ಮಾತು ಎರಡು ಮೊಳ ಟೇಪಿನಲ್ಲಿ ಮುಗಿಯುತ್ತಿತ್ತು. ಮೇಜಿನ ಅಂಚಿನಲ್ಲಿ ಗುರುತಿತ್ತು. ಕೇಳುವುದೂ ಬೇಡ, ಅಳೆದು ಕತ್ತರಿಸಿ ಬುಟ್ಟಿಗೆ ಹಾಕಿದರಾಯಿತು.

ಅಪ್ಪ ಹೋದ ಮೇಲೆ ಮಂಚದ ಕೆಳಗೆ ಆರು ಹಳೆಯ ಟೇಪ್ ರೆಕಾರ್ಡರು, ಅವರೇ ಸದ್ದು ತುಂಬಿಟ್ಟ ಆರು ಹೊಸ ಟೇಪು ಸಿಕ್ಕವು. ಈ ಸಲ ಯಾರದೂ ಅಲ್ಲದ ಯಂತ್ರಗಳನ್ನು ಕೂಡಿಹಾಕಿದ್ದರು, ಪುಣ್ಯಾತ್ಮ. ಅಕ್ಕ ಮತ್ತು ನಾನು ರಜೆ ಹಾಕಿ ಕೂತೆವು. ಅವಳು ತಗಡು ಕತ್ತರಿಸಿದಳು. ನನಗೆ ಅದೇ ಮೇಜು, ಅದೇ ಗುರುತು. ಎರಡು ಮೊಳ ಅಳೆದೆ, ಕತ್ತರಿಸಿದೆ, ಅಂಟಿಸಿದೆ. ಮೂವತ್ತು ವರ್ಷದ ಮೇಲೂ ಕೈ ಮರೆತಿರಲಿಲ್ಲವೆಂದು ಒಳಗೊಳಗೇ ಬೀಗಿದೆ.

ಮರುದಿನ ಅಕ್ಕ ಮೆಟ್ಟಿಲು ಹತ್ತಿ ನೋಡಿದಳು. ಯಂತ್ರ ಹೊಲಿಯಿತು, ಪೊರಕೆ ಗುಡಿಸಿತು, ಕಪಾಟು ನರಳಿತು. ಕೊನೆಯ ಮೆಟ್ಟಿಲಲ್ಲಿ ನಿಂತು ಅವಳು ತಿರುಗಿದಳು.

"ಅಪ್ಪನ ಧ್ವನಿ ಎಲ್ಲೇ?"

ನಾನು ಬುಟ್ಟಿಯತ್ತ ತಿರುಗಿದೆ. ಊರ ಸದ್ದನ್ನೆಲ್ಲ ಹಿಡಿದಿಟ್ಟ ಮನುಷ್ಯ ತಮ್ಮ ದನಿಯನ್ನು ಹಿಡಿದಿಟ್ಟವರಲ್ಲ. ಅದು ಇದ್ದದ್ದು ನಾನು ಬುಟ್ಟಿಗೆ ಹಾಕಿದ ಆ ತುಂಡುಗಳಲ್ಲಿ ಮಾತ್ರ.

"ಬುಟ್ಟಿ ಬೆಳಗ್ಗೇನೇ ಖಾಲಿ ಮಾಡ್ದೆ ಕಣೇ," ಎಂದಳು ಅಕ್ಕ, ಹುಟ್ಟಾ ಶುಚಿಗಾರ್ತಿ.

ಇಬ್ಬರೂ ಬರಿಗಾಲಲ್ಲಿ ಬೀದಿಗೆ ಓಡಿದೆವು. ಕಸದ ತೊಟ್ಟಿಗೆ ಮೊಣಕೈವರೆಗೆ ಕೈ ಹಾಕಿ, ತರಕಾರಿ ಸಿಪ್ಪೆಯ ನಡುವಿನಿಂದ ಗೋಜಲಾದ ಟೇಪನ್ನು ಎಳೆದೆ. ಐದೇ ತುಂಡು. ಆರನೆಯದು ಸಿಗಲೇ ಇಲ್ಲ, ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಒರೆಸಿ, ತೋಚಿದ ಹಾಗೆ ಒಂದಕ್ಕೊಂದು ಅಂಟಿಸಿದೆ. ಯಾವುದು ಮೊದಲು, ಯಾವುದು ಉಲ್ಟಾ, ಒಂದೂ ತಿಳಿಯಲಿಲ್ಲ. ಪೊರಕೆಯ ಟೇಪನ್ನು ತೆಗೆದು, ಆ ಯಂತ್ರಕ್ಕೆ ಅಪ್ಪನ ಧ್ವನಿ ಹಾಕಿ ಕೊನೆಯ ಮೆಟ್ಟಿಲಿಗೆ ಇಟ್ಟೆವು.

ಅಮ್ಮ ಮಾರ್ಕೆಟ್ಟಿನಿಂದ ಚೀಲ ಹಿಡಿದು ಬಂದಳು. "ಮತ್ತೆ ಶುರುವಾಯ್ತಾ ನಿಮ್ಮಪ್ಪನ ಗಲಾಟೆ?" ಎಂದು ಗೊಣಗುತ್ತಲೇ ಹತ್ತಿದಳು. ಕೊನೆಯ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಒಂದು, ಎರಡು... ಕೇಳಿಸ್ತಾ?" ಆಮೇಲೆ ಹಿಂದುಮುಂದಾದ ಏನೋ ಗೊರಗೊರ. ಮತ್ತೆ, "ಮೂರು... ಕೇಳಿಸ್ತಾ?"

ಅಮ್ಮ ಕಾಲು ತೆಗೆಯಲಿಲ್ಲ. ಚೀಲ ಕೆಳಗಿಟ್ಟು ಅಂಗಡಿಯ ಕಡೆ ತಿರುಗಿ ನಿಂತಳು. ಅಪ್ಪ ಕೇಳುತ್ತಲೇ ಇದ್ದರು. ಅಕ್ಕನಿಗೆ ತಡೆಯಲಾಗಲಿಲ್ಲ.

"ಏನಾದ್ರೂ ಹೇಳಮ್ಮ."

"ಸುಮ್ನಿರೇ," ಅಮ್ಮ ಪಿಸುಗುಟ್ಟಿದಳು. "ಕೇಳಿಸ್ತು ಅಂದ್ರೆ ಅಲ್ಲೇ ಕೂತ್ಬಿಡ್ತಾರೆ."