ವಾರ್ನಿಷ್ ಬಳಿದ ಕಡಗ

ಜನ ಅವನನ್ನು ಕಡಗದ ಡಾಕ್ಟ್ರು ಅಂತ ಕರೆಯುತ್ತಿದ್ದರು. ಓದಿದ್ದು ಎಂಟನೇ ಕ್ಲಾಸು, ಅದೂ ಎರಡು ಸಲ. ತಾಮ್ರದ ತಂತಿ ಕಾಯಿಸಿ, ಮೂರೆಳೆ ಹೆಣೆದು, ಬೆಸುಗೆ ಹಾಕಿ, ಪುಟ್ಟ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕಡಗ ಮಾಡುವುದು ಅವನ ಕಸುಬು. ಅಂದ ನೋಡಿ ಯಾರಾದರೂ ತಗೊಂಡಾರು ಅಂತ ಹತ್ತು ವರ್ಷ ಕಾದ. ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲ. ಯಾವನೋ ಪುಣ್ಯಾತ್ಮ ತಾಮ್ರ ಹಾಕಿಕೊಂಡರೆ ಕೀಲುನೋವು ಹೋಗುತ್ತೆ ಅಂದಿದ್ದೇ ತಡ, ಮಂಡಿ, ಮೊಣಕೈ, ಸೊಂಟ ಎಲ್ಲವೂ ಕುಂಟುತ್ತಾ ಅಂಗಡಿ ಮೆಟ್ಟಿಲು ಹತ್ತಿದವು.

ಅವನಾಗಿ ಯಾವತ್ತೂ ವಾಸಿಯಾಗುತ್ತೆ ಅಂದವನಲ್ಲ. ಆಗಲ್ಲ ಅಂತಲೂ ಅನ್ನಲಿಲ್ಲ ಬಿಡಿ. ಕೇಳಿದವರಿಗೆ ಮೀಸೆಯಲ್ಲೇ ನಕ್ಕು ಕಡಗ ಮುಂದಿಡುತ್ತಿದ್ದ.

ಮೊದಮೊದಲು ಮಣಿಕಟ್ಟು ಹಸಿರಾದ ಗಿರಾಕಿಗಳು, "ಏನ್ರೀ ಇದು, ಪಾಚಿ ಕಟ್ಟಿದೆ!" ಅಂತ ಜಗಳಕ್ಕೇ ಬಂದರು. ಆವತ್ತಿನಿಂದ ಕಡಗದ ಒಳಗೂ ಹೊರಗೂ ವಾರ್ನಿಷ್ ಬಳಿಯತೊಡಗಿದ. ಅಂದರೆ ತಾಮ್ರ ಮೈಗೆ ತಾಗುವುದೇ ಇಲ್ಲ. ಆದರೂ ನೋವು ಹೋಯಿತು ಅಂತ ಜನ ಹೊಗಳಿದ್ದೇ ಹೊಗಳಿದ್ದು. ಇಂಥವರಿಗೆ ಏನು ಹೇಳೋದು, ನೀವೇ ಹೇಳಿ.

ಅಕ್ಕನಿಗಾದರೂ ಹೇಳಬೇಕಿತ್ತು. ಅಮ್ಮ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ಅವನನ್ನು ಸಾಕಿದವಳು ಅವಳು. ಈಗಲೂ ಅವಳ ಅನ್ನ ಆ ಹತ್ತು ಬೆರಳಲ್ಲೇ ಇತ್ತು. ಬಾಯಿ ಮಾತ್ರ ಕತ್ತರಿ. ತಮ್ಮನ ಕೆಲಸಕ್ಕೆ 'ಕುಟ್ಟೋದು' ಅಂತಲೇ ಅನ್ನುತ್ತಿದ್ದಳು. ಬೆರಳ ಗಂಟು ನೋಯತೊಡಗಿದಾಗ ಡಾಕ್ಟರು, ಅಂದರೆ ಓದಿ ಪಾಸಾದ ಡಾಕ್ಟರು, ಮಾತ್ರೆ ಬರೆದುಕೊಟ್ಟರು. ಅದೇ ವಾರ ತಮ್ಮನೂ ಒಂದು ಕಡಗ ಕೊಟ್ಟ. ಎಂಟು ದಿನ ಬಿಟ್ಟು ಬಂದು, "ಪರವಾಗಿಲ್ವೋ, ನಿನ್ನ ಕಡಗದಿಂದ ನೋವು ಇಳೀತು" ಅಂದಳು. ನಲವತ್ತೈದು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ! ವಾರ್ನಿಷ್ ವಿಷಯ ಅವನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡ. ಹೇಗೂ ಮಾತ್ರೆ ನುಂಗುತ್ತಿದ್ದಾಳಲ್ಲ, ಹೊಗಳಿಕೆ ನನಗೇ ಇರಲಿ ಅಂದುಕೊಂಡ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಪೆನ್ಷನ್ ಮೇಷ್ಟ್ರೊಬ್ಬರು ಕಡಗ ಹಿಡಿದುಕೊಂಡು ಅವನ ತಲೆ ತಿನ್ನುತ್ತಿದ್ದಾಗ ಅಕ್ಕ ಬಂದಳು. ಮೇಷ್ಟ್ರು ಅವಳನ್ನೇ ಕೇಳಿದರು, "ನೋವು ನಿಜವಾಗ್ಲೂ ಹೋಗುತ್ತೇನಮ್ಮಾ?"

"ಹೋಗ್ದೆ ಏನು? ನಾಲ್ಕು ತಿಂಗಳಿಂದ ಒಂದು ಮಾತ್ರೆ ಮುಟ್ಟಿಲ್ಲ ನಾನು!"

ಅವನ ಸುತ್ತಿಗೆ ನಿಂತಿತು. "ಏನಂದೆ? ಎಲ್ಲಿ, ಕೈ ತೋರಿಸು."

"ನೀನೇನು ಡಾಕ್ಟ್ರಾ?"

"ತೋರಿಸೇ ಅಂದ್ರೆ!"

ಅವಳು ಚೀಲದೊಳಗೆ ಅಡಗಿಸಿದ್ದ ಕೈಯನ್ನು ಎಳೆದು ನೋಡಿದ. ಬೆರಳುಗಳು ಬಾತು ಸೊಟ್ಟಗಾಗಿದ್ದವು. ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಮಣಿಕಟ್ಟು ಊದಿ ಕಡಗ ಚರ್ಮಕ್ಕೆ ಕಚ್ಚಿಕೊಂಡಿತ್ತು. ಇಷ್ಟು ದಿನ ಅವಳ ಮಾತು ಕೇಳಿ ಉಬ್ಬಿದ್ದ, ಕೈ ನೋಡಿರಲೇ ಇಲ್ಲ.

"ಅಕ್ಕಾ, ಇದರಿಂದ ಏನೂ ಆಗಲ್ಲ. ವಾರ್ನಿಷ್ ಬಳಿದಿದೀನಿ. ತಾಮ್ರ ನಿನ್ನ ಮೈಗೆ ತಾಗೇ ಇಲ್ಲ."

"ಹಾಗಾದ್ರೆ ನಂಗೆ ವಾರ್ನಿಷ್ ಇಲ್ಲದ್ದು ಕೊಡಪ್ಪಾ" ಅಂದರು ಮೇಷ್ಟ್ರು.

"ನೀವು ಸುಮ್ನಿರಿ ಮೇಷ್ಟ್ರೇ! ಅಕ್ಕಾ, ನೋವು ಇಳೀತು ಅಂದ್ಯಲ್ಲ?"

"ಮಾತ್ರೆ ತಗೊಂಡಾಗ ಇಳಿದಿತ್ತು."

"ಮತ್ಯಾಕೆ ಬಿಟ್ಟೆ?"

"ಎರಡೂ ಇದ್ರೆ ಜನ ಮಾತ್ರೆಯಿಂದ ಆಯ್ತು ಅಂತಾರೆ ಕಣೋ. ಹತ್ತು ವರ್ಷ ನೀನು ನೊಣ ಹೊಡ್ಕೊಂಡು ಕೂತಿದ್ದೆ. ಈಗ ನಾಲ್ಕು ಜನ ಬರ್ತಿದಾರೆ. ಹೆಸರು ಮಾತ್ರೆಗೆ ಹೋಗೋದು ಬೇಡ ಅಂತ ಬಿಟ್ಟೆ."

ಅವನಿಗೆ ಸಿಟ್ಟು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು. "ನಿಂಗೆ ತಲೆ ಕೆಟ್ಟಿದೆ, ನಡಿ ಆಸ್ಪತ್ರೆಗೆ" ಅಂತ ಕೂಗಿದ. ಸೋಪು ಹಚ್ಚಿ ಎಳೆದ. ಕಡಗ ಜಪ್ಪಯ್ಯ ಅಂದರೂ ಜಾರಲಿಲ್ಲ. ಕೊನೆಗೆ ತಗಡು ಕತ್ತರಿಸುವ ಕತ್ತರಿ ತಂದ. ಅಕ್ಕ ಸಟಕ್ಕನೆ ಕೈ ಎಳೆದುಕೊಂಡಳು.

"ಬೇಡ ಕಣೋ. ಇದೊಂದು ಬೇಡ."

"ಕೆಲಸಕ್ಕೆ ಬಾರದ ತಂತಿ ಅಂತ ಹೇಳ್ದೆನಲ್ಲ!"

"ತಂತಿಯಂತೆ! ನಾಲ್ಕು ತಿಂಗಳಿಂದ ತಿರುಗಿಸಿ ತಿರುಗಿಸಿ ನೋಡ್ತಿದೀನಿ, ಬೆಸುಗೆ ಎಲ್ಲಿದೆ ಅಂತ ಇನ್ನೂ ಸಿಕ್ಕಿಲ್ಲ. ನಲವತ್ತು ವರ್ಷ ಹೊಲಿದಿದೀನಿ, ಒಂದು ಬಟ್ಟೇಲಿ ನಂಗೆ ಹೀಗೆ ಕೂಡಿಸೋಕೆ ಬಂದಿಲ್ಲ."

ಅವನು ಅವಳ ಪಕ್ಕ ಕೂತ. ಆಮೇಲೆ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆಸುಗೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದ. "ಇದನ್ನ ಮೊದಲೇ ಹೇಳೋಕೆ ಏನಾಗಿತ್ತೇ ನಿಂಗೆ ದೊಡ್ಡ ರೋಗ?" ಅಂತ ಬೈಯುತ್ತಾ, ಮೂಗು ಒರೆಸಿಕೊಳ್ಳುತ್ತಾ, ಸರಿಯಾಗಿ ಅದೇ ಜಾಗದಲ್ಲಿ ಕತ್ತರಿಸಿದ.