ತೊಲೆಗೆ ಕಟ್ಟಿದ ಆಣೆಗಳು

ಹೆಗ್ಗದ್ದೆ ಕಡೆಯ ಭದ್ರಮ್ಮನ ಮನೆಗೆ ಹೋದವರು ಮೊದಲು ನೋಡುತ್ತಿದ್ದದ್ದು ನಡುಮನೆಯ ತೊಲೆಯನ್ನು. ಅಲ್ಲಿ ಹಳದಿ ಬಟ್ಟೆಯ ಸಣ್ಣ ಗಂಟುಗಳು ಸಾಲಾಗಿ ನೇತಾಡುತ್ತಿದ್ದವು. ಹೊಸಬರು ಬಾವಲಿ ಮರಿಗಳೆಂದು ತಿಳಿದು ತಲೆ ಬಗ್ಗಿಸುತ್ತಿದ್ದರು. ಬಾವಲಿಗಳಲ್ಲ, ಮುಡಿಪುಗಳು. ಒಂದೊಂದು ಗಂಟಿನಲ್ಲೂ ಒಂದು ಕಾಸು, ಒಂದು ಚಿಟಿಕೆ ಅಕ್ಕಿ, ಮಗ ಲಕ್ಕಯ್ಯನ ಒಂದು ಆಣೆ.

ಲಕ್ಕಯ್ಯ ಕುಡಿದು ಬಂದ ಮಾರನೆಯ ಬೆಳಿಗ್ಗೆ ಭದ್ರಮ್ಮ ಅವನ ತಲೆಗೆ ತಣ್ಣೀರು ಹುಯ್ದು ದೀಪದ ಮುಂದೆ ನಿಲ್ಲಿಸುತ್ತಿದ್ದಳು. "ಧರ್ಮಸ್ಥಳದ ಸ್ವಾಮಿ ಆಣೆಗೂ ಇನ್ನು ಮುಟ್ಟಲ್ಲ" ಎಂದು ಹೇಳಿಸಿ ಗಂಟು ಕಟ್ಟುತ್ತಿದ್ದಳು. ಆಣೆ ಮುರಿದರೂ ಹಳೆಯ ಗಂಟು ಬಿಚ್ಚುವಂತಿಲ್ಲ, ಅದು ದೇವರ ಸೊತ್ತು. ಆದ್ದರಿಂದ ಪಕ್ಕದಲ್ಲಿ ಇನ್ನೊಂದು. ಆಣೆಗಳ ಭಾರಕ್ಕೆ ತೊಲೆಯೇ ಬಾಗಿದೆ ಎಂದು ಊರವರು ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ತೊಲೆ ಬಾಗಿದ್ದು ಗೆದ್ದಲಿನಿಂದ.

ಲಕ್ಕಯ್ಯನ ಕೆಲಸ ಮರಗಸಿ. ಮಳೆ ಹಿಡಿಯುವ ಮುಂಚೆ ಕಾಫಿ ತೋಟದ ನೆರಳು ಮರ ಹತ್ತಿ ಹೆಚ್ಚಾದ ಕೊಂಬೆ ಕಡಿಯುವುದು. ಆ ಕೆಲಸದಲ್ಲಿ ಅವನಿಗೆ ಸಮನಾದವರು ಘಟ್ಟದ ಮೇಲೆ ಇರಲಿಲ್ಲ. ಅವನು ಮರ ಹತ್ತಿದರೆ ಮಂಗಗಳು ಮರ್ಯಾದೆಯಿಂದ ಇಳಿದು ಪಕ್ಕಕ್ಕೆ ನಿಂತು, ಕೈ ಎಲ್ಲಿಡುತ್ತಾನೆ, ಕಾಲು ಎಲ್ಲಿಡುತ್ತಾನೆ ಎಂದು ಮರಿಗಳಿಗೆ ತೋರಿಸುತ್ತಿದ್ದವು.

ಆಮೇಲೆ ಕುಡಿತ ಹತ್ತಿತು. ಮೊದಲು ಬಗನಿ ಮರದ ಹೆಂಡ, ಬರಬರುತ್ತ ಕಾಡಿನಲ್ಲಿ ಕಾಯಿಸುವ ಕಳ್ಳಬಟ್ಟಿ. ಅವನ ಕಾಲಿಗೆ ಹತ್ತಿದ ಇಂಬಳ, ಅಂದರೆ ಮಳೆಗಾಲದ ಕಾಡು ಜಿಗಣೆ, ಒಂದು ಗುಟುಕು ಹೀರಿ ಕೆಳಗೆ ಬಿದ್ದು, ಮನೆಯ ದಾರಿ ಮರೆತು ಸುತ್ತಿದ ಜಾಗದಲ್ಲೇ ಸುತ್ತುತ್ತಿತ್ತು. ಊರು ನಕ್ಕಿತು. ಹೆಂಡತಿ ಬಸಮ್ಮ ಮಾತ್ರ ನಗಲಿಲ್ಲ. ಬೆಳಿಗ್ಗೆ ಗಂಡನ ಕೈ ಎಷ್ಟು ನಡುಗುತ್ತದೆಂದು ಅವಳಿಗೆ ಗೊತ್ತಿತ್ತು. ಎದ್ದ ಕೂಡಲೇ ಒಂದು ಲೋಟ ಹೊಟ್ಟೆಗೆ ಬಿದ್ದರೇ ಆ ಕೈ ನಿಲ್ಲುತ್ತಿದ್ದದ್ದು. ಅವನು ಕೆಲಸಕ್ಕೆ ಹೋಗದ ದಿನ ಹಾಜರಿ ಬರೆಯುವ ಎಸ್ಟೇಟ್ ರೈಟರ್ ಹತ್ತಿರ ಅವಳೇ ಹೋಗಿ ನೆಪ ಹೇಳುತ್ತಿದ್ದಳು. ಹೀಗೆ ಲಕ್ಕಯ್ಯನಿಗೆ ವಾರಕ್ಕೊಂದು ಮಲೇರಿಯಾ ಬಂದಿತ್ತು, ಬಸಮ್ಮನ ತಾಯಿ ಎರಡು ಸಲ ತೀರಿಕೊಂಡಿದ್ದಳು.

ಒಂದು ಬೇಸಿಗೆಯಲ್ಲಿ ಅವನು ಮರದ ಮೇಲಿದ್ದಾಗ ಕತ್ತಿ ಕೈಜಾರಿತು. ಕೆಳಗೆ ಕೊಂಬೆ ಎಳೆಯುತ್ತಿದ್ದ ಬಸಮ್ಮನ ಪಾದದ ಪಕ್ಕದಲ್ಲಿ ಹಿಡಿಯವರೆಗೆ ನಾಟಿಕೊಂಡಿತು. ಬಸಮ್ಮ ಮೇಲೆ ನೋಡಿದಳು. ಗಂಡ ಕೊಂಬೆ ತಬ್ಬಿಕೊಂಡು ಮಗುವಿನ ಹಾಗೆ ಅಳುತ್ತಿದ್ದ.

ಸುದ್ದಿ ಕೇಳಿದ ಭದ್ರಮ್ಮ ಈ ಸಲ ಆಣೆಗೆ ಕಾಯಲಿಲ್ಲ. ಮಗನನ್ನು ಕಾಫಿ ತುಂಬುವ ಕೋಣೆಗೆ ತಳ್ಳಿ ಹೊರಗಿನಿಂದ ಅಗುಳಿ ಹಾಕಿಬಿಟ್ಟಳು.

"ಅನ್ನ ನೀರು ಕೊಡ್ತೀನಿ. ಅದೊಂದ್ನ ಕೊಡಲ್ಲ. ಎಲ್ಲಿಗ್ ಓಡೋಗ್ತಾನೆ ನೋಡಾನ."

ಮೊದಲ ದಿನ ಬೈದ, ಬೇಡಿಕೊಂಡ. ಮಾರನೆಯ ದಿನ ಮೈಯೆಲ್ಲ ಬೆವರಿ, ಹಲ್ಲು ಕಟಕಟ ಎನ್ನತೊಡಗಿತು. ಅದರ ಮಾರನೆಯ ದಿನ ಗೋಡೆ ಗೀರತೊಡಗಿದ. "ಇಂಬಳ! ಗೋಡೆ ತುಂಬಾ ಇಂಬಳ! ಅವ್ವಾ, ಮೈಗೆ ಹತ್ತುತಾವೆ!" ಸುಡುವ ಬೇಸಿಗೆ, ಒಣ ಕೋಣೆ. ಹುಡುಕಿದರೂ ಒಂದು ಇಂಬಳ ಸಿಕ್ಕುವ ಕಾಲವಲ್ಲ.

ಬಸಮ್ಮ ಬಾಗಿಲಿಗೆ ಹಣೆ ಒತ್ತಿ ನಿಂತಳು. "ಅತ್ತೆ, ತೆಗಿಯಾನ. ಹೋಗ್ಬುಡ್ತಾನೆ ಕಣತ್ತೆ."

"ಸುಮ್ಕಿರು. ಕಾಡಲ್ಲಿ ಏನೋ ಮೆಟ್ಕಂಡೈತೆ. ಬೆಳಗೋಡಿಂದ ಮಂತ್ರ ಹಾಕೋರ್ನ ಕರೆಸ್ತೀನಿ."

ಅದೇ ಹೊತ್ತಿಗೆ ಸಕಲೇಶಪುರದ ಮೆಣಸಿನ ವ್ಯಾಪಾರಿ ನಸ್ರುಲ್ಲಾ ಜೀಪಿನಲ್ಲಿ ಬಂದ. ಒಳ್ಳೆಯ ಮೆಣಸು ಎಲ್ಲಿದ್ದರೂ ಅವನ ಮೂಗಿಗೆ ವಾಸನೆ ಬರುತ್ತಿತ್ತು. ಅಂಥ ಮೂಗು ಇದ್ದೂ ಜೀಪಿನ ಪೆಟ್ರೋಲ್ ಸೋರುವುದು ಮಾತ್ರ ಗೊತ್ತಾಗುತ್ತಿರಲಿಲ್ಲ.

"ಏನ್ ಭದ್ರಮ್ಮೋರೆ, ಒಳಗೆ ಕಾಡಂದಿ ಕೂಡ್ಹಾಕಿದೀರಾ? ಬಾಗ್ಲು ಮುರೀತಾ ಐತೆ?"

"ಹಂದಿ ಅಲ್ಲ ಸಾಬ್ರೆ. ನನ್ನ ಮಗ."

ನಸ್ರುಲ್ಲಾನ ಮುಖದ ನಗು ಇಳಿಯಿತು. "ಏನಾಗೈತೆ?"

"ಇಲ್ದೇ ಇರೋದೆಲ್ಲ ಕಾಣ್ತದೆ ಅವ್ನಿಗೆ. ದೆವ್ವ ಹಿಡ್ದೈತೆ."

"ಕುಡಿಯೋದು ಯಾವಾಗ ಬಿಟ್ಟ?"

"ಅವ್ನೇನ್ ಬಿಟ್ಟಾನು? ನಾನೇ ಬಿಡಿಸ್ದೆ. ಮೊನ್ನೆಯಿಂದ ಒಂದ್ ತೊಟ್ಟು ಕೊಟ್ಟಿಲ್ಲ."

"ಅದೇ ಕಣ್ರೀ! ದೆವ್ವ ಅಲ್ಲ ಅದು. ನಮ್ಮ ಲಾರಿ ಡ್ರೈವರ್‌ಗೂ ಹಿಂಗೇ ಆಗಿತ್ತು. ವರ್ಷಗಟ್ಲೆ ಕುಡ್ದಿರೋ ಮೈ ಒಂದೇ ಸಲ ನಿಲ್ಸುದ್ರೆ ತಡ್ಕಳಲ್ಲ. ನಡುಕ ಬರ್ತದೆ, ಕಣ್ಣಿಗೆ ಏನೇನೋ ಕಾಣ್ತದೆ, ಫಿಟ್ಸ್ ಬಂದು ಪ್ರಾಣನೂ ಹೋಗ್ಬಹುದು. ನಾವೂ ತಾಯತ ಕಟ್ಟಿ ಕೂತಿದ್ವಿ. ಡಾಕ್ಟ್ರು ಬೈದಿದ್ದು ಇನ್ನೂ ಕಿವೀಲಿ ಐತೆ. ಏಳಿ, ಆಸ್ಪತ್ರೆಗೆ ಕರ್ಕಂಡೋಗಾನ."

"ಆಸ್ಪತ್ರೆಗಾ? ಕುಡಿಯೋದೇನ್ ಕಾಯ್ಲೆನಾ ಸಾಬ್ರೆ? ಕೊಬ್ಬು ಅದು. ಮನ್ಸು ಮಾಡುದ್ರೆ ಬಿಡಕ್ಕಾಗಲ್ವಾ?"

ನಸ್ರುಲ್ಲಾ ತೊಲೆ ನೋಡಿದ. ಗಂಟುಗಳನ್ನು ನೋಡಿದ. "ಭದ್ರಮ್ಮೋರೆ, ಮಲೇರಿಯಾ ಬಂದೋರಿಗೆ ಯಾವತ್ತಾದ್ರೂ ಆಣೆ ಹಾಕ್ಸಿದೀರಾ, ಇನ್ನು ನಡುಗಲ್ಲ ಅಂತ?"

ಡಿ.ಡಿ.ಟಿ. ಹೊಡೆಯುವವರು ಬರುವುದಕ್ಕೆ ಮುಂಚೆ ಮಲೇರಿಯಾ ಕಾಣದ ಮನೆ ಆ ಕಡೆ ಇರಲಿಲ್ಲ. ಭದ್ರಮ್ಮನ ಮನೆಯಲ್ಲೇ ಜ್ವರ ಬಂದವರು ಮಲಗಿದ ಮಂಚ ನಡುಗಿ ನಡುಗಿ ಒಳಕೋಣೆಯಿಂದ ಜಗುಲಿಗೆ ತಾನಾಗಿ ನಡೆದು ಬಂದದ್ದುಂಟು.

"ಅದು ಸೊಳ್ಳೆ ಕಚ್ಚಿ ಬರೋದು," ಎಂದಳು ಭದ್ರಮ್ಮ. "ಇದು ಅವ್ನೇ ಬಾಯಿಗೆ ಹುಯ್ಕಂಡಿದ್ದು."

"ಮೊದ್ಲು ಅವ್ನೇ ಹುಯ್ಕಂಡ, ಇಲ್ಲ ಅನ್ನಲ್ಲ. ಈಗ ಅದು ಅವನ್ನ ಎಳೀತಾ ಐತೆ. ಕಾಡಿಗೋಗಿ ಸೊಳ್ಳೆ ಕಚ್ಚಿಸ್ಕಂಡ ಅಂತ ಜ್ವರ ಬಂದೋನಿಗೆ ಅಗುಳಿ ಹಾಕ್ತೀರಾ?"

ಒಳಗಿನಿಂದ ಕ್ಷೀಣವಾದ ದನಿ ಬಂತು. "ಅವ್ವಾ... ಕಣ್ಣಿಗೆ ಹತ್ತುತಾವೆ ಕಣವ್ವಾ..."

ಭದ್ರಮ್ಮ ಎದ್ದು ಅಗುಳಿ ತೆಗೆದಳು.

ಜೀಪಿನ ಹಿಂದುಗಡೆ ಮೆಣಸಿನ ಚೀಲಗಳ ನಡುವೆ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಪೇಟೆಗೆ ಹೋದಳು. ದಾರಿಯುದ್ದಕ್ಕೂ ಅವನ ಮೈಯಿಂದ ಇಲ್ಲದ ಇಂಬಳಗಳನ್ನು ಒಂದೊಂದಾಗಿ ಕಿತ್ತು ಎಸೆಯುತ್ತಿದ್ದಳು. "ಇದೂ ಹೋಯ್ತು ನೋಡು ಮಗ, ಇದೂ ಹೋಯ್ತು."

ಆಸ್ಪತ್ರೆಯಲ್ಲಿ ಡಾಕ್ಟರು ಔಷಧಿ ಕೊಟ್ಟು ನಡುಕ ಇಳಿಸಿದರು, ಗ್ಲೂಕೋಸ್ ಹಾಕಿದರು, ಸೂಜಿ ಚುಚ್ಚಿದರು. ಕೆಲವು ದಿನ ಕಳೆದು ಲಕ್ಕಯ್ಯ ಕಣ್ಣು ಬಿಟ್ಟು ಗಂಜಿ ಕೇಳಿದ. ಮನೆಗೆ ಕಳಿಸುವ ದಿನ ಭದ್ರಮ್ಮ ಕೇಳಿದಳು, "ಇನ್ನು ಪೂರ್ತಿ ವಾಸಿ ಆಯ್ತಾ ಸ್ವಾಮಿ?"

"ನಡುಕ ವಾಸಿ ಆಗಿದೆ ಕಣಮ್ಮ. ಚಟ ಮಲಗಿದೆ ಅಷ್ಟೆ. ಎಬ್ಬಿಸಬೇಡಿ."

"ಎಬ್ಬಿಸೋರು ನಾವಾ?"

"ಕಣ್ಣಿಗೆ ಕಾಣೋ ಹಾಗೆ ಇಟ್ಟರೆ ಏಳುತ್ತೆ. ಬೆಳಗಿನಿಂದ ಸಂಜೆವರೆಗೆ ಹಂಗಿಸಿದರೂ ಏಳುತ್ತೆ. ಅವನು ಕುಡಿದಾಗ ಮಾತಾಡಬೇಡಿ, ಹೆಂಡದ ಜೊತೆ ಜಗಳ ಆಡಿದ ಹಾಗೆ ಅದು. ಅಮಲು ಇಳಿದಾಗ ಕೂರಿಸಿಕೊಂಡು ಮಾತಾಡಿ. ಸುಳ್ಳು ಹೇಳಿ ಅವನ ತಪ್ಪು ಮುಚ್ಚಬೇಡಿ." ಇದನ್ನು ಕೇಳಿ, ಗಂಡನನ್ನು ಕರೆದೊಯ್ಯಲು ಬಂದಿದ್ದ ಬಸಮ್ಮ ತಲೆ ತಗ್ಗಿಸಿದಳು. "ಮತ್ತೆ ಒಂದು ದಿನ ಕುಡಿದು ಬಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಮಲೇರಿಯಾ ಮರುಕಳಿಸಿದರೆ ಏನು ಮಾಡ್ತೀರಿ?"

"ಮತ್ತೆ ಔಷಧಿ ತರ್ತೀವಿ."

"ಇದಕ್ಕೂ ಅಷ್ಟೆ. ಕರ್ಕೊಂಡು ಬನ್ನಿ."

ಲಕ್ಕಯ್ಯ ಮನೆಗೆ ಬಂದ. ಮಳೆ ಹಿಡಿಯಿತು. ಉಂಡ, ಕೆಲಸ ಮಾಡಿದ, ಸಂಜೆ ಬಸಮ್ಮನ ಜೊತೆ ಒಲೆಯ ಮುಂದೆ ಕೂತ. ಆದರೆ ನಡುಮನೆಗೆ ಬಂದಾಗಲೆಲ್ಲ ನೆಲ ನೋಡಿಕೊಂಡೇ ದಾಟುತ್ತಿದ್ದ. ಭದ್ರಮ್ಮ ಅದನ್ನು ವಿನಯ ಎಂದುಕೊಂಡಳು.

ಭದ್ರಮ್ಮನ ತುಂಡು ಗದ್ದೆಗೆ ನಾಟಿ ಬಂತು. ಮಳೆಯಲ್ಲಿ, ಮಂಡಿಯುದ್ದ ಕೆಸರಿನಲ್ಲಿ ಇಡೀ ದಿನ ಬಗ್ಗಿ ನಿಲ್ಲುವ ಆಳುಗಳಿಗೆ ಗದ್ದೆಯ ಯಜಮಾನಿತಿಯೇ ಬದುವಿಗೆ ಹೆಂಡದ ಮಡಕೆ ಹೊತ್ತು ತರಬೇಕು. ಅದು ಅಲ್ಲಿನ ಪದ್ಧತಿ. ತರದಿದ್ದರೆ ಮುಂದಿನ ವರ್ಷ ಆಳು ಬರುವುದಿಲ್ಲ, ಬಂದರೂ ಪೈರು ತಲೆಕೆಳಗಾಗಿ ನೆಡುತ್ತಾರೆ ಎಂಬ ಹೆದರಿಕೆ. ಭದ್ರಮ್ಮ ಅತ್ತೆಯ ಕಾಲದಿಂದ ಹೊತ್ತಂತೆ ಅಂದೂ ಮಡಕೆ ಹೊತ್ತಳು. ಮಗ ವಾಸಿಯಾಗಿದ್ದಾನಲ್ಲ. ಎಲ್ಲರಿಗೂ ಹುಯ್ದಳು, ಮಗನನ್ನು ಬಿಟ್ಟು.

"ಲಕ್ಕಣ್ಣಂಗೆ ಬರೀ ವಾಸ್ನೆನಾ ಅಮ್ಮ?" ಎಂದು ಯಾರೋ ನಕ್ಕರು.

ಲಕ್ಕಯ್ಯನೂ ನಕ್ಕ. ಮಧ್ಯಾಹ್ನದವರೆಗೆ ಅವನು ಬದುವಿಗೆ ಬೆನ್ನು ಹಾಕಿ ಪೈರು ಹಂಚಿದ. ಆಮೇಲೆ ಗದ್ದೆಯಲ್ಲಿ ಅವನಿರಲಿಲ್ಲ. ಮಡಕೆಯೂ ಇರಲಿಲ್ಲ.

ಸಂಜೆ ಅವನು ಬಂದಾಗ ಭದ್ರಮ್ಮ ನಡುಮನೆಯಲ್ಲಿ ನಿಂತಿದ್ದಳು. ಕೈಯಲ್ಲಿ ಹೊಸ ಹಳದಿ ಬಟ್ಟೆ. ಕೈ ಅಭ್ಯಾಸಬಲದಿಂದ ತಾನೇ ಹೋಗಿ ತೆಗೆದುಕೊಂಡಿತ್ತು. ಮಗನ ತಲೆಯಿಂದ ಮಳೆ ನೀರು ಇಳಿಯುತ್ತಿತ್ತು. ಅವನು ಜಗಳವಾಡಲಿಲ್ಲ. ತೊಲೆಯ ಕೆಳಗೆ ಬಂದು ನಿಂತ.

"ಕಟ್ಟವ್ವ. ಇನ್ನೊಂದು ಕಟ್ಟು. ನಾನು ತಲೆ ಎತ್ತುದ್ರೆ ಅವೇ ಕಾಣೋದು. ಅಷ್ಟು ಸಲ ಸ್ವಾಮಿಗೆ ಸುಳ್ಳಾದೋನಿಗೆ ಇನ್ನೊಂದ್ಯಾವ ಲೆಕ್ಕ? ಹೆದ್ರಿಕೆ ಆಯ್ತದೆ ಕಣವ್ವ. ಹೆದ್ರಿಕೆ ಆದಾಗ್ಲೇ ಕಾಲು ಅತ್ಲಾಗ್ ಹೋಗೋದು."

ಭದ್ರಮ್ಮ ತೊಲೆಯನ್ನು ನೋಡಿದಳು. ಮಗ ನಿಂತ ಜಾಗದಿಂದ ಅದು ಹೇಗೆ ಕಾಣುತ್ತದೆಂದು ಅವಳು ಎಂದೂ ನೋಡಿರಲಿಲ್ಲ. ಬೆಳಿಗ್ಗೆ ಮಡಕೆ ಹೊತ್ತದ್ದು ತನ್ನದೇ ತಲೆ ಎಂಬುದೂ ನೆನಪಾಯಿತು.

ಹಳದಿ ಬಟ್ಟೆಯನ್ನು ಬಿಡಿಸಿ ಮಗನ ತಲೆ ಒರೆಸಿದಳು.

"ಒದ್ದೆ ಆಗ್ಬುಟ್ಟಿದೀಯ. ಉಂಡು ಮಲ್ಕೋ. ನಾಳೆ ಆಸ್ಪತ್ರೆಗೆ ಹೋಗಾನ."

"ಬೈಯಲ್ವಾ?"

"ಡಾಕ್ಟ್ರು ಬ್ಯಾಡ ಅಂದವ್ರೆ. ನನ್ಗೂ ಕಷ್ಟ ಆಯ್ತಾ ಐತೆ, ಬೇಗ ಉಣ್ಣು."

ಅಡುಗೆ ಮನೆಯಲ್ಲಿ ಬಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಟ್ಟೆ ಇಟ್ಟಳು.

ಮಾರನೆಯ ದಿನ ಅವರು ಪೇಟೆಗೆ ಹೋದರು. ದಾರಿಯಲ್ಲಿ ಎಸ್ಟೇಟಿನ ಹತ್ತಿರ ಬಸಮ್ಮ ರೈಟರ್‌ಗೆ ಹೇಳಿದಳು, "ಜ್ವರ ಅಲ್ಲ ಸ್ವಾಮಿ. ಕುಡಿತ ಬಿಡಕ್ಕೆ ಔಷಧಿಗೆ ಹೊಂಟೀವಿ." ರೈಟರ್ ಹಾಜರಿ ಪುಸ್ತಕ ಮುಚ್ಚಿ, "ನಿಮ್ಮ ತಾಯಿ ಚೆನ್ನಾಗಿದಾರೇನಮ್ಮ?" ಎಂದ.

ಮಳೆ ಬಿಟ್ಟ ಮೇಲೆ ಭದ್ರಮ್ಮ ಗಂಟುಗಳನ್ನೆಲ್ಲ ಇಳಿಸಿ ಬುಟ್ಟಿಯಲ್ಲಿ ತುಂಬಿ ತಾನೇ ಧರ್ಮಸ್ಥಳಕ್ಕೆ ಹೋಗಿ ಒಪ್ಪಿಸಿ ಬಂದಳು. ಹರಕೆ ನನ್ನದು ಸ್ವಾಮಿ, ಹುಡುಗನದಲ್ಲ, ಎಂದು ಹೇಳಿಕೊಂಡಳಂತೆ. ಸ್ವಾಮಿ ಒಂದು ಮಾತೂ ಆಡಲಿಲ್ಲವಂತೆ. ಲಕ್ಕಯ್ಯ ಆಮೇಲೆ ಇನ್ನೂ ಒಂದು ಸಲ ಕುಡಿತಕ್ಕೆ ಜಾರಿದ. ಮತ್ತೆ ಕರೆದುಕೊಂಡು ಹೋದರು.

ಮುಂದಿನ ನಾಟಿಗೆ ಬದುವಿನ ಮೇಲೆ ಬಂದ ಮಡಕೆಯಲ್ಲಿ ಬೆಲ್ಲ, ಮೆಣಸು ಹಾಕಿ ಕುದಿಸಿದ ಕಾಫಿ ಇತ್ತು. ಆಳುಗಳು ಗೊಣಗಿದರು. ನಸ್ರುಲ್ಲಾ ಕೊಟ್ಟ ಮೆಣಸಿನ ಖಾರಕ್ಕೆ ಅವರ ಮೈಯಿಂದ ಎದ್ದ ಹಬೆಗೆ ಗದ್ದೆಯಲ್ಲಿ ಎದುರಿಗಿದ್ದವರು ಕಾಣಲಿಲ್ಲ ಎನ್ನುತ್ತಾರೆ. ಆದರೆ ಪೈರನ್ನು ಯಾರೂ ತಲೆಕೆಳಗಾಗಿ ನೆಡಲಿಲ್ಲ. ಬೇಸಿಗೆಯಲ್ಲಿ ಲಕ್ಕಯ್ಯ ಮರ ಹತ್ತಿದ. ಕೆಳಗೆ ಬಸಮ್ಮ ಕೊಂಬೆ ಎಳೆಯುತ್ತಿದ್ದಳು. ಮೇಲೆ ನೋಡುವ ಅಗತ್ಯ ಅವಳಿಗೆ ಬೀಳಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಮನೆಯಲ್ಲೂ ಒಬ್ಬ ಲಕ್ಕಯ್ಯ ಇರಬಹುದು. ಅವನಿಗೆ ಆಣೆ ಹಾಕಿಸಬೇಡಿ, ಅಗುಳಿ ಹಾಕಬೇಡಿ. ದಿನಾ ಕುಡಿಯುವವನು ಒಮ್ಮೆಗೇ ನಿಲ್ಲಿಸಿ ನಡುಗಿದರೆ, ಇಲ್ಲದ್ದು ಕಂಡರೆ, ಮಂತ್ರದವರಿಗೆ ಕಾಯದೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಿರಿ. ಬಿಡಿಸಬೇಕೆಂದಿದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಮನೆಗೆ ಬಂದ ಮೇಲೆ ಅವನ ಎದುರಿಗೆ ಮಡಕೆ ಇಳಿಸಬೇಡಿ. ಅವನು ಜಾರಿದ ದಿನ ನಿಮ್ಮ ಕೈಯಲ್ಲಿ ಒಂದು ಬಟ್ಟೆ ಇದ್ದರೆ, ಗಂಟು ಹಾಕಬೇಡಿ, ತಲೆ ಒರೆಸಿ.